ಕೋರ್ಟಿಗೆ ಹೋಗದೆ ಸೋಲುವ ದಾವೆಗಳು

ಅಮೆರಿಕದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಆಗಾಗ ಒಂದು ಪ್ರಶ್ನೆ ಏಳುತ್ತದೆ. ಯಾರದ್ದೋ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಗಿದು ತಿಂಗಳುಗಳೇ ಕಳೆದಿವೆ, ತೀರ್ಮಾನ ಬಂದಿಲ್ಲ. ಇನ್ಯಾರನ್ನೋ ಕೆಲಸದಿಂದ ತೆಗೆದಿದ್ದಾರೆ, ಕೊಟ್ಟ ಕಾರಣ ಸರಿಯಿಲ್ಲ. ಲಾಯರ್ ಕೇಳುವ ಮುಂಗಡ ಹಣ ಕೇಳಿದರೆ ತಲೆ ಸುತ್ತುತ್ತದೆ. ಆಗ, 'ನಾವೇ ಫೆಡರಲ್ ಕೋರ್ಟಿಗೆ ಹೋಗಬಹುದಾ?' ಪಕ್ಕದಲ್ಲಿದ್ದವರು ಫೋನ್ ನೋಡಿ, 'ಹೋಗಬಹುದು, ಫೀಸು 405 ಡಾಲರ್ ಅಷ್ಟೇ' ಎನ್ನುತ್ತಾರೆ. ಊಟ ಬಂತು ಅಂತ ಎಲ್ಲರೂ ಏಳುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ.

ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ತನ್ನ ಕೇಸನ್ನು ತಾನೇ ನಡೆಸುವ ಹಕ್ಕು ಈ ದೇಶದಲ್ಲಿ ಬಹಳ ಹಳೆಯದು. 1789ರ ಜುಡಿಷಿಯರಿ ಕಾಯ್ದೆಯಲ್ಲೇ ಅದು ಬಂದಿದೆ. ಜನರ ಮೂಲ ಹಕ್ಕುಗಳನ್ನು ಸಂವಿಧಾನಕ್ಕೆ ಸೇರಿಸಿದ ಬಿಲ್ ಆಫ್ ರೈಟ್ಸ್ ಜಾರಿಗೆ ಬಂದದ್ದು 1791ರಲ್ಲಿ, ಅಂದರೆ ಈ ಹಕ್ಕು ಅದಕ್ಕೂ ಹಿರಿಯದು. ಇವತ್ತಿಗೂ ಫೆಡರಲ್ ಕೋರ್ಟಿನ, ಅಂದರೆ ರಾಜ್ಯದ್ದಲ್ಲದ ಕೇಂದ್ರದ ಕೋರ್ಟಿನ, ಸಿವಿಲ್ ಕೇಸುಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಒಂದು ಪಕ್ಷಕ್ಕಾದರೂ ಲಾಯರ್ ಇರುವುದಿಲ್ಲ. ಅವರಲ್ಲಿ ಜೈಲಿನಲ್ಲಿರುವವರೇ ಜಾಸ್ತಿ. ಹಕ್ಕಿನ ಬಗ್ಗೆ ನನಗೆ ತಕರಾರಿಲ್ಲ. ಆ ಹಕ್ಕಿನ ಹಿಂದೆಯೇ ಬರುವ ಕೆಲಸಗಳ ಬಗ್ಗೆ ನಮ್ಮವರು ಯಾರೂ ಮಾತಾಡುವುದಿಲ್ಲ, ಅದೇ ನನ್ನನ್ನು ಕೊರೆಯುತ್ತಿದೆ. ಒಬ್ಬ ಗೆಳತಿಯ ಕೇಸಿನ ಜೊತೆ ಹತ್ತಿರದಿಂದ ಓಡಾಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ನಾನು ಲಾಯರ್ ಅಲ್ಲ. ಕಂಡದ್ದನ್ನು, ಓದಿ ತಿಳಿದದ್ದನ್ನು ಬರೆಯುತ್ತೇನೆ.

ದೊಡ್ಡಪ್ಪನ ವಾಯಿದೆ

ಗೆಳತಿಯ ಊರು ತೀರ್ಥಹಳ್ಳಿ ಕಡೆ. ಕೋರ್ಟು ಅಂದರೆ ಅವಳ ಕಣ್ಣ ಮುಂದೆ ಬರುವುದು ಅವಳ ದೊಡ್ಡಪ್ಪ. ತೋಟದ ಬೇಲಿ ವಿಷಯದಲ್ಲಿ ಪಕ್ಕದವರ ಮೇಲೆ ಹಾಕಿದ ದಾವೆ, ಅವಳು ಸ್ಕೂಲಿಗೆ ಹೋಗುವಾಗ ಶುರುವಾದದ್ದು ಅವಳ ಮದುವೆಯ ಹೊತ್ತಿಗೂ ನಡೆಯುತ್ತಿತ್ತು. ವಾಯಿದೆಯ ದಿನ ದೊಡ್ಡಪ್ಪ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಕಾಗದದ ಚೀಲ. ಕೋರ್ಟಿನ ಕಾರಿಡಾರಿನಲ್ಲಿ ನಿಂತು ಹೆಸರು ಕೂಗುವುದನ್ನು ಕಾಯುವುದು. ವಕೀಲರು ಸಮಯ ಕೇಳುವುದು. ಇನ್ನೊಂದು ತಾರೀಖು ಬರೆದುಕೊಂಡು ಸಂಜೆ ಮನೆಗೆ ಬರುವುದು. ಪ್ರತಿವಾದಿಗೆ ಸಮನ್ಸ್ ಹೋದದ್ದೂ ಕೋರ್ಟಿನಿಂದಲೇ. ದೊಡ್ಡಪ್ಪ ಫೀಸು ಕಟ್ಟಿದರು, ಅಮೀನರು ಹೋಗಿ ಕೊಟ್ಟು ಬಂದರು. ಈ ಚಿತ್ರ ನಮ್ಮ ಎಷ್ಟೋ ಜನರ ಮನಸ್ಸಿನಲ್ಲಿದೆ. ಕೋರ್ಟು ಕರೆಯುತ್ತದೆ, ನಾವು ಹೋಗುತ್ತೇವೆ. ಹಾಜರಾಗುವುದೇ ನಮ್ಮ ಕೆಲಸ.

ಇಲ್ಲಿ ಹಾಗಲ್ಲ. ತನ್ನ ಮೂಲದ ಕಾರಣಕ್ಕೆ ಕೆಲಸದಿಂದ ತೆಗೆದರು ಎಂದು ದೂರಿದ್ದ ಗೆಳತಿಯ ಕೈಗೆ ಇಇಒಸಿಯಿಂದ, ಅಂದರೆ ಸಮಾನ ಉದ್ಯೋಗಾವಕಾಶ ಆಯೋಗದಿಂದ, 'ಕೇಸು ಹಾಕಬಹುದು' ಎಂಬ ಪತ್ರ ಬಂತು. ಉದ್ಯೋಗದಲ್ಲಿ ತಾರತಮ್ಯ ಆದವರು ಮೊದಲು ಆ ಆಯೋಗಕ್ಕೆ ದೂರು ಕೊಡಬೇಕು. ಅದರ ಪತ್ರ ಸಿಕ್ಕ 90 ದಿನದೊಳಗೆ ಕೋರ್ಟಿನಲ್ಲಿ ದಾವೆ ಹೂಡಬೇಕು. ಅವಳು ದಾವಾ ಪತ್ರ ಬರೆದಳು. ಪ್ರತಿ ಪ್ಯಾರಾಕ್ಕೂ ನಂಬರು ಹಾಕಿದಳು, ಸಹಿ ಮಾಡಿದಳು, ಕೆಳಗೆ ವಿಳಾಸ, ಫೋನ್, ಇಮೇಲ್ ಬರೆದಳು. ಸ್ಯಾನ್ ಹೋಸೆಯಲ್ಲಿರುವ ಪೆಕ್‌ಹ್ಯಾಮ್ ಫೆಡರಲ್ ಕಟ್ಟಡದ ಕೌಂಟರಿನಲ್ಲಿ ಕೊಟ್ಟು ಫೀಸು ಕಟ್ಟಿದಳು. ಕ್ಲರ್ಕ್ ಸಮನ್ಸಿಗೆ ಸಹಿ, ಸೀಲು ಹಾಕಿ ಅವಳ ಕೈಗೇ ವಾಪಸ್ ಕೊಟ್ಟರು. 'ಇದನ್ನ ನೀವು ಕಳಿಸಲ್ವಾ?' ಅಂತ ಅವಳು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕಳಿಸುವುದಿಲ್ಲ. ಎದುರು ಪಕ್ಷಕ್ಕೆ ಮುಟ್ಟಿಸುವ ಹೊಣೆ ವಾದಿಯದು. ಅದಕ್ಕೆ 90 ದಿನ ಗಡುವು. ತಾನೇ ಹೋಗಿ ಕೊಡುವ ಹಾಗೂ ಇಲ್ಲ. 18 ವರ್ಷ ತುಂಬಿದ, ಕೇಸಿನಲ್ಲಿ ಇಲ್ಲದ ಬೇರೆ ಯಾರಾದರೂ ಕೊಡಬೇಕು. ಇಲ್ಲವೇ ಅಂಚೆಯಲ್ಲಿ ಫಾರಂ ಕಳಿಸಿ, ಸಮನ್ಸ್ ಇಲ್ಲದೆಯೇ ಒಪ್ಪಿಕೊಳ್ಳಿ ಎಂದು ಕೇಳಬಹುದು. ಹಾಗೆ ಒಪ್ಪಿದವರಿಗೆ ಉತ್ತರ ಕೊಡಲು 21 ದಿನದ ಬದಲು 60 ದಿನ ಸಿಗುತ್ತದೆ. ಆ ಆಸೆಗೆ ಎಷ್ಟೋ ಕಂಪನಿಗಳು ಒಪ್ಪಿಕೊಳ್ಳುತ್ತವೆ.

ಸರ್ಕಾರದ ಮೇಲೆ ಕೇಸು ಹಾಕುವವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಸಿಟಿಜನ್‌ಶಿಪ್ ಇಂಟರ್‌ವ್ಯೂ ಆಗಿ 120 ದಿನದೊಳಗೆ ತೀರ್ಮಾನ ಬರದಿದ್ದರೆ ಫೆಡರಲ್ ಕೋರ್ಟಿಗೆ ಹೋಗಬಹುದು ಎಂದು ಕಾನೂನಿದೆ. ನಮ್ಮವರು ಬಹಳ ಜನ ಈ ದಾರಿ ಹಿಡಿಯುತ್ತಾರೆ. ಆದರೆ ಸಮನ್ಸು, ದಾವಾ ಪತ್ರದ ಪ್ರತಿಗಳು ಮೂರು ಕಡೆಗೆ ಹೋಗಬೇಕು. ಆ ಕೋರ್ಟಿನ ಜಿಲ್ಲೆಯಲ್ಲಿ ಸರ್ಕಾರದ ಪರ ವಾದಿಸುವ ಯು.ಎಸ್. ಅಟಾರ್ನಿ ಕಚೇರಿ, ವಾಷಿಂಗ್ಟನ್ನಿನ ಅಟಾರ್ನಿ ಜನರಲ್, ಆಮೇಲೆ ಕೇಸಿನಲ್ಲಿರುವ ಇಲಾಖೆ. ಇಲಾಖೆಗೆ ಮಾತ್ರ ಕಳಿಸಿ ಕಾಯುತ್ತಾ ಕೂತರೆ ಏನೂ ಆಗುವುದಿಲ್ಲ. ಸರ್ಕಾರಕ್ಕೆ ಉತ್ತರ ಕೊಡಲು ಇರುವ 60 ದಿನ ಶುರುವಾಗುವುದೇ ಯು.ಎಸ್. ಅಟಾರ್ನಿಗೆ ಪ್ರತಿ ಮುಟ್ಟಿದ ದಿನದಿಂದ. ಕಾಯುವವರು 'ಸರ್ಕಾರ ಉತ್ತರ ಕೊಡುತ್ತಿಲ್ಲ' ಎಂದು ಬೇಜಾರಾಗಿರುತ್ತಾರೆ. ಆ ಹೊತ್ತಿಗೆ ಅವರದ್ದೇ 90 ದಿನ ಕರಗುತ್ತಿರುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಲಾಯರ್ ಇಲ್ಲದೆ ನಡೆಸಬಹುದಾದದ್ದು ನಿಮ್ಮ ಸ್ವಂತ ಕೇಸು ಮಾತ್ರ. ಗಂಡನ ಪರವಾಗಿ ಹೆಂಡತಿ ವಾದ ಮಾಡುವ ಹಾಗಿಲ್ಲ. ಮಗುವಿನ ಪರವಾಗಿ ಅಪ್ಪ ಅಮ್ಮ ನಡೆಸುವುದಕ್ಕೂ ಇಲ್ಲಿಯ ಮೇಲ್ಮನವಿ ಕೋರ್ಟು ಒಪ್ಪಿಲ್ಲ. ನೀವೊಬ್ಬರೇ ಮಾಲೀಕರಾಗಿರುವ ಸಣ್ಣ ಎಲ್‌ಎಲ್‌ಸಿ ಕಂಪನಿ ಇದ್ದರೂ ಅದಕ್ಕೆ ಲಾಯರ್ ಬೇಕೇ ಬೇಕು. ಕಂಪನಿಗಳು ಲಾಯರ್ ಮೂಲಕವೇ ಬರಬೇಕು ಎಂಬುದನ್ನು 1993ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಖಚಿತ ಮಾಡಿದೆ. ನಮ್ಮಲ್ಲಿ ಜಿಪಿಎ ಇದ್ದವರು ಅಣ್ಣನ ಪರವಾಗಿಯೋ ಅತ್ತೆಯ ಪರವಾಗಿಯೋ ಕೋರ್ಟಿಗೆ ಹಾಜರಾಗಿ ಕಾಗದಕ್ಕೆ ಸಹಿ ಹಾಕುವುದು ಮಾಮೂಲು. ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಪೇಪರಿನ ಕೆಳಗಿದ್ದ ಕವರ್

ಕಂಪನಿಯ ಲಾಯರ್‌ಗಳು ಉತ್ತರ ಹಾಕಿದರು. ಆಮೇಲೆ ಎರಡೂ ಕಡೆಯವರು ಕೂತು ಮಾತಾಡಬೇಕು ಎಂಬ ನಿಯಮ ಬಂತು. ಕೇಸು ಹೇಗೆ ಸಾಗಬೇಕು, ಯಾವ ದಾಖಲೆ ಯಾರ ಹತ್ತಿರ ಇದೆ, ಯಾವಾಗ ಕೊಡಬೇಕು ಎಂದು ತಾವೇ ಮಾತಾಡಿ ಕೋರ್ಟಿಗೆ ಬರೆದು ಕೊಡಬೇಕು. ಗೆಳತಿಗೆ ಇದು ನುಂಗಲಾರದ ತುತ್ತು. 'ಎದುರು ಪಾರ್ಟಿ ಲಾಯರ್‌ಗೆ ನಾನ್ಯಾಕೆ ಫೋನ್ ಮಾಡ್ಲಿ? ಒಳಗೊಳಗೇ ಏನೋ ಮಾಡ್ಕೊಂಡ್ಳು ಅನ್ನಲ್ವಾ?' ಎಂದಳು. ಅವಳ ದೊಡ್ಡಪ್ಪ ಎದುರು ವಕೀಲರನ್ನು ಕಂಡರೆ ಮುಖ ತಿರುಗಿಸುತ್ತಿದ್ದರಂತೆ. ಆದರೆ ಇಲ್ಲಿ ಅದು ಕರ್ತವ್ಯ. ಮುಂದೆ ದಾಖಲೆ ಕೊಡಲಿಲ್ಲ ಎಂದು ಕೋರ್ಟಿಗೆ ದೂರುವಾಗಲೂ, 'ಮೊದಲು ಅವರ ಜೊತೆ ಪ್ರಾಮಾಣಿಕವಾಗಿ ಮಾತಾಡಿ ನೋಡಿದೆ' ಎಂದು ಬರೆದು ಕೊಡಬೇಕು. ಅವಳು ಫೋನ್ ಮಾಡಿದಳು. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು.

ಕೆಲವು ವಾರದ ಮೇಲೆ ಅವಳ ಮನೆಗೆ ಹೋಗಿದ್ದೆ. ಸಂಜೆ ಕಾಫಿ ಹೊತ್ತು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು, ಕೂಪನ್ನು, ಮಗಳ ಸ್ಕೂಲಿನ ಕಾಗದ ಎಲ್ಲಾ ಒಟ್ಟಿಗೆ ಬಿದ್ದಿದ್ದವು. ಮೇಜು ಖಾಲಿ ಮಾಡುವಾಗ ಕೆಳಗಿನಿಂದ ಒಂದು ದಪ್ಪ ಕವರ್ ಸಿಕ್ಕಿತು, ಒಡೆದದ್ದು. 'ಅದನ್ನ ನೋಡ್ಬೇಡ, ಬರೀ ಬೈಗುಳ ಕಣೇ' ಎಂದಳು. ನೋಡಿದೆ. ಒಂದರ ಕೆಳಗೊಂದು ನಂಬರು ಹಾಕಿದ ವಾಕ್ಯಗಳು. ನಿಮ್ಮ ಕೆಲಸ ಕಂಪನಿಯ ನಿರೀಕ್ಷೆಗೆ ತಕ್ಕಂತೆ ಇರಲಿಲ್ಲ ಎಂದು ಒಪ್ಪಿಕೊಳ್ಳಿ. ನಿಮ್ಮ ಮ್ಯಾನೇಜರ್ ನಿಮ್ಮ ಮೂಲದ ಬಗ್ಗೆ ಎಂದೂ ಏನೂ ಹೇಳಿಲ್ಲ ಎಂದು ಒಪ್ಪಿಕೊಳ್ಳಿ. ನಿಮ್ಮನ್ನು ತೆಗೆದದ್ದಕ್ಕೂ ನಿಮ್ಮ ಮೂಲಕ್ಕೂ ಸಂಬಂಧವಿಲ್ಲ ಎಂದು ಒಪ್ಪಿಕೊಳ್ಳಿ. ಹೀಗೇ ಪುಟಗಟ್ಟಲೆ.

'ಇದಕ್ಕೆಲ್ಲ ಉತ್ತರ ಕೊಟ್ರೆ ನಾನೇ ಸಣ್ಣವಳಾಗ್ತೀನಿ. ಜಡ್ಜ್ ಮುಂದೆ ನಿಂತಾಗ ಎಲ್ಲಾ ಹೇಳ್ತೀನಿ ಬಿಡು' ಎಂದಳು ಗೆಳತಿ. ಅವಳ ಮಾತಿನಲ್ಲಿ ಸೋಮಾರಿತನ ಇರಲಿಲ್ಲ. ಆತ್ಮಗೌರವ ಇತ್ತು. ಅವಮಾನ ಮಾಡಿದವರಿಗೆ ಉತ್ತರ ಕೊಡದಿರುವುದೇ ದೊಡ್ಡತನ ಎಂದು ನಾವು ಕಲಿತು ಬಂದಿದ್ದೇವೆ. ಆದರೆ ಆ ಕವರಿನಲ್ಲಿದ್ದದ್ದು ಕಂಪನಿಯ ಲಾಯರ್‌ಗಳು ಕಳಿಸಿದ ಫೆಡರಲ್ ಸಿವಿಲ್ ನಿಯಮ 36ರ ಪತ್ರ, ರಿಕ್ವೆಸ್ಟ್ಸ್ ಫಾರ್ ಅಡ್ಮಿಷನ್, ಅಂದರೆ ಇವನ್ನು ಒಪ್ಪಿಕೊಳ್ಳಿ ಎಂಬ ಕೋರಿಕೆ. ಅದಕ್ಕೆ 30 ದಿನದೊಳಗೆ ಲಿಖಿತ ಉತ್ತರ ಕೊಡದಿದ್ದರೆ ಅಲ್ಲಿರುವ ಪ್ರತಿಯೊಂದು ವಾಕ್ಯವನ್ನೂ ನೀವು ಒಪ್ಪಿದಂತೆ. ಜಡ್ಜ್ ಏನೂ ಆದೇಶ ಮಾಡಬೇಕಿಲ್ಲ. ಯಾರೂ ನೆನಪಿಸಬೇಕಿಲ್ಲ. ದಿನ ಕಳೆದರೆ ಸಾಕು. ಹಾಗೆ ಒಪ್ಪಿದ್ದನ್ನು ವಾಪಸ್ ಪಡೆಯಲು ಕೋರ್ಟಿಗೆ ಅರ್ಜಿ ಹಾಕಬಹುದು, ಕೊಡುವುದು ಬಿಡುವುದು ಜಡ್ಜ್‌ಗೆ ಬಿಟ್ಟದ್ದು. ಅವಳ ಇಡೀ ಕೇಸು ಆ ಪೇಪರಿನ ರಾಶಿಯ ಕೆಳಗೆ ಮಲಗಿತ್ತು.

ಕವರಿನ ಮೇಲಿನ ತಾರೀಖು ನೋಡಿದಾಗ ಇನ್ನೂ ಸಮಯ ಇತ್ತು, ಸ್ವಲ್ಪವೇ. ಅಂಚೆಯಲ್ಲಿ ಬಂದದ್ದಕ್ಕೆ ಮೂರು ದಿನ ಹೆಚ್ಚು ಸಿಗುತ್ತದೆ ಎಂದು ಗೊತ್ತಾದಾಗ ಇಬ್ಬರಿಗೂ ಉಸಿರು ಬಂತು. ರಾತ್ರಿಯೇ ಕೂತೆವು. ನಾನು ವಾಕ್ಯ ಓದುವುದು, ಅವಳು ತನ್ನ ಮಾತಿನಲ್ಲಿ ಉತ್ತರ ಬರೆಯುವುದು. ಒಪ್ಪುವುದನ್ನು ಒಪ್ಪಬೇಕು. ಅವಳು ಎರಡು ಮೀಟಿಂಗಿಗೆ ತಡವಾಗಿ ಹೋಗಿದ್ದು ನಿಜ, ಅದನ್ನು ಒಪ್ಪಿದಳು. ಅಲ್ಲಗಳೆಯುವುದನ್ನು ಸ್ಪಷ್ಟವಾಗಿ ಅಲ್ಲಗಳೆಯಬೇಕು. ಅರ್ಧ ನಿಜ ಇದ್ದರೆ ಯಾವ ಅರ್ಧ ಎಂದು ಹೇಳಬೇಕು. 'ಗೊತ್ತಿಲ್ಲ' ಎನ್ನುವ ಮೊದಲು ವಿಚಾರಿಸಿ ನೋಡಿರಬೇಕು. ಕೊನೆಗೆ ಸಹಿ, ತಾರೀಖು, ಯಾವತ್ತು ಯಾರಿಗೆ ಅಂಚೆಯಲ್ಲಿ ಕಳಿಸಿದೆ ಎಂಬ ಒಂದು ಸಾಲು. ಇದು ಕೋರ್ಟಿಗೆ ಹೋಗುವುದಿಲ್ಲ, ಎದುರು ಲಾಯರ್‌ಗೆ ಮಾತ್ರ. ಹಾಗಾಗಿಯೇ ಜಡ್ಜ್‌ಗೆ ಇದು ಗೊತ್ತೂ ಇರುವುದಿಲ್ಲ. ಮೀಟಿಂಗಿನಲ್ಲಿ ಮ್ಯಾನೇಜರ್ ಆಡಿದ ಮಾತಿನ ಬಗ್ಗೆ ಬಂದಾಗ ಗೆಳತಿ ಬಹಳ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಳು. ಆಮೇಲೆ ಒಂದೇ ಪದ ಬರೆದಳು, ನಿರಾಕರಿಸಿದ್ದೇನೆ ಎಂದು.

ಅದೇ ರಾತ್ರಿ ಅವಳ ವಾಟ್ಸಾಪಿನಲ್ಲಿ ಹಳೆಯ ಮೆಸೇಜುಗಳು ತಾವಾಗಿಯೇ ಅಳಿಸಿಹೋಗುವ ಸೆಟ್ಟಿಂಗನ್ನೂ ತೆಗೆಸಿದೆ. ಸಹೋದ್ಯೋಗಿಗಳ ಜೊತೆ ಆಡಿದ ಮಾತೆಲ್ಲ ಅಲ್ಲೇ ಇತ್ತು. ಕೇಸು ಬರುತ್ತದೆ ಎಂದು ಗೊತ್ತಾದ ದಿನದಿಂದ ಸಂಬಂಧಪಟ್ಟ ದಾಖಲೆ ಕಾಪಾಡುವುದು ಎರಡೂ ಪಕ್ಷದ ಕರ್ತವ್ಯ. ತನಗೆ ವಿರುದ್ಧವಾದ ಮೆಸೇಜೂ ಅದರಲ್ಲಿ ಸೇರಿದೆ.

ಇಲಿನಾಯ್ ಜೈಲಿನ ಇಬ್ಬರು

ಲಾಯರ್ ಇಲ್ಲದವರಿಗೆ ಕೋರ್ಟು ಮೆತ್ತಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಮೆತ್ತಗೆ, ಎಲ್ಲಿ ಮೆತ್ತಗೆ ಎಂಬುದು ಮುಖ್ಯ. ಸುಪ್ರೀಂ ಕೋರ್ಟಿನ ಎರಡು ತೀರ್ಪು ಒಟ್ಟಿಗೆ ಓದಿದಾಗ ನನಗೆ ಇದು ಸ್ಪಷ್ಟವಾಯಿತು. ಎರಡೂ ಇಲಿನಾಯ್ ರಾಜ್ಯದ ಕೈದಿಗಳ ಕೇಸು. ಎರಡೂ ಸರ್ವಾನುಮತದ ತೀರ್ಪು.

ಮೊದಲನೆಯದು 1972ರ ಹೇನ್ಸ್ ಕೇಸು. ವಯಸ್ಸಾದ ಕೈದಿ. ಒಬ್ಬಂಟಿ ಕೋಣೆಯಲ್ಲಿ ಹಾಕಿದ್ದರಿಂದ ಕಾಲಿನ ನೋವು ಹೆಚ್ಚಾಯಿತು ಎಂದು ತಾನೇ ದಾವೆ ಬರೆದಿದ್ದ. ಕೆಳಗಿನ ಕೋರ್ಟು ಬಾಗಿಲಲ್ಲೇ ತಳ್ಳಿತ್ತು. ಲಾಯರ್ ಬರೆದ ಕಾಗದಕ್ಕೆ ಹಿಡಿಯುವ ಅಳತೆಯನ್ನು ಇಂಥವನ ಕಾಗದಕ್ಕೆ ಹಿಡಿಯಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಅವನಿಗೆ ಸಾಕ್ಷ್ಯ ಕೊಡುವ ಅವಕಾಶ ಸಿಕ್ಕಿತು. ಎರಡನೆಯದು 1993ರ ಮ್ಯಾಕ್‌ನೀಲ್ ಕೇಸು. ಸರ್ಕಾರದಿಂದ ಪರಿಹಾರ ಕೇಳುವವರು ಮೊದಲು ಇಲಾಖೆಗೆ ಅರ್ಜಿ ಕೊಟ್ಟು, ಅದು ತಿರಸ್ಕಾರವಾದ ಮೇಲೆ ಕೋರ್ಟಿಗೆ ಬರಬೇಕು. ಅವನು ಕೋರ್ಟಿಗೆ ಬಂದು ನಾಲ್ಕು ತಿಂಗಳ ಮೇಲೆ ಇಲಾಖೆಗೆ ಅರ್ಜಿ ಕೊಟ್ಟ. ಅದು ಬೇಗನೇ ತಿರಸ್ಕಾರವೂ ಆಯಿತು. ಅಷ್ಟರಲ್ಲಿ ಕೋರ್ಟಿನಲ್ಲಿ ಏನೂ ನಡೆದಿರಲಿಲ್ಲ, ಯಾರಿಗೂ ನಷ್ಟ ಆಗಿರಲಿಲ್ಲ. ಆದರೂ ಕೇಸು ಹೋಯಿತು. ಲಾಯರ್ ಇಲ್ಲ ಎಂಬ ಕಾರಣಕ್ಕೆ ಸಾಮಾನ್ಯ ಸಿವಿಲ್ ಕೇಸಿನಲ್ಲಿ ವಿಧಾನದ ನಿಯಮ ಸಡಿಲಿಸಬೇಕೆಂದು ತಾನು ಎಂದೂ ಹೇಳಿಲ್ಲ ಎಂದಿತು ಕೋರ್ಟು.

ಹಾಗಾದರೆ, ನಿಮ್ಮ ಬರವಣಿಗೆ ಒರಟಾಗಿದ್ದರೆ ಕೋರ್ಟು ಅದರೊಳಗಿನ ಅರ್ಥ ಹುಡುಕುತ್ತದೆ. ನೀವು ಬರೆಯದೇ ಇದ್ದರೆ, ತಡವಾಗಿ ಬರೆದರೆ, ಹುಡುಕಲು ಅಲ್ಲಿ ಏನೂ ಇಲ್ಲ. ದಿನದ ಲೆಕ್ಕ ಎಷ್ಟು ಕಠಿಣ ಎಂದರೆ, 2007ರ ಬೌಲ್ಸ್ ಕೇಸಿನಲ್ಲಿ ತಪ್ಪಿದ್ದು ಕೆಳಗಿನ ಕೋರ್ಟಿನ ಜಡ್ಜೇ. ಮೇಲ್ಮನವಿಗೆ 14 ದಿನ ಕೊಡಬೇಕಾದ ಕಡೆ 17 ದಿನ ಕೊಟ್ಟು ಆದೇಶ ಬರೆದರು. ಬೌಲ್ಸ್ ಕಡೆಯವರು ಆ ಆದೇಶ ನಂಬಿ 16ನೇ ದಿನ ಹಾಕಿದರು. ಅವರಿಗೆ ಲಾಯರ್ ಇದ್ದರು. ಆದರೂ ಸುಪ್ರೀಂ ಕೋರ್ಟಿನಲ್ಲಿ ಐದಕ್ಕೆ ನಾಲ್ಕು ಮತದಲ್ಲಿ ಮೇಲ್ಮನವಿ ಬಿದ್ದುಹೋಯಿತು. ಜನರನ್ನು ಹೀಗೆ ನಡೆಸಿಕೊಳ್ಳುವುದು ಸಹಿಸಲಾಗದ್ದು ಎಂದು ಭಿನ್ನಮತದಲ್ಲಿ ಜಸ್ಟಿಸ್ ಸೌಟರ್ ಬರೆದರು. ನಾನು ಅವರ ಪಕ್ಷ.

ಮೂರನೇ ಬೆಂಚಿನಿಂದ ಕಂಡದ್ದು

ಫೆಡರಲ್ ಕೋರ್ಟಿನ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಗೆಳತಿಗೆ ಅಭ್ಯಾಸ ಆಗಲಿ ಎಂದು ಒಂದು ಬೆಳಿಗ್ಗೆ ಇಬ್ಬರೂ ಹೋಗಿ ಕೂತಿದ್ದೆವು. ಒಬ್ಬ ಮಧ್ಯವಯಸ್ಕರು ತಮ್ಮ ಕೇಸು ತಾವೇ ನಡೆಸುತ್ತಿದ್ದರು. ಎದುರು ಕಡೆಯವರು ಸಮ್ಮರಿ ಜಡ್ಜ್‌ಮೆಂಟ್ ಕೇಳಿದ್ದರು, ಅಂದರೆ ವಿಚಾರಣೆಯೇ ಬೇಡ, ಕಾಗದದ ಮೇಲೆಯೇ ತೀರ್ಪು ಕೊಡಿ ಎಂದು. ಇವರು ಉತ್ತರವಾಗಿ ಒಂದು ಸಣ್ಣ ಪತ್ರ ಹಾಕಿದ್ದರು. ಎಲ್ಲವನ್ನೂ ವಿಚಾರಣೆಯಲ್ಲಿ ಸಾಬೀತು ಮಾಡುತ್ತೇನೆ ಎಂಬುದೇ ಅದರ ಸಾರ. ಈಗ ಬ್ಯಾಗಿನಿಂದ ದಪ್ಪ ಫೈಲು ತೆಗೆದು, ಇದರಲ್ಲಿ ಎಲ್ಲಾ ಇದೆ, ನೋಡಿ ಎಂದರು. ಜಡ್ಜ್ ಗಟ್ಟಿ ಮಾತಾಡಲಿಲ್ಲ. ಇದನ್ನು ಉತ್ತರದ ಜೊತೆಯೇ ಸಲ್ಲಿಸಬೇಕಿತ್ತು, ನಾನು ನಿಮಗೆ ಸಲಹೆ ಕೊಡುವ ಹಾಗಿಲ್ಲ ಎಂದು ಬಹಳ ತಾಳ್ಮೆಯಿಂದ ಹೇಳಿದರು. ಜಡ್ಜ್‌ಗಳು ಲಾಯರ್ ಇಲ್ಲದವರಿಗೆ ಲಾಯರ್ ಆಗಿ ನಿಲ್ಲಬೇಕಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿಯೇ ಇದೆ. ಆ ಮನುಷ್ಯ ಫೈಲನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡರು. ಅವರ ಹತ್ತಿರ ಸಾಕ್ಷ್ಯ ಇತ್ತು. ಅದು ದಾಖಲೆಗೆ ಬಂದಿರಲಿಲ್ಲ, ಅಷ್ಟೇ.

ಗೆಳತಿ ಅವತ್ತು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ತನ್ನ ಇಮೇಲುಗಳನ್ನು ಒಂದೊಂದಾಗಿ ಪ್ರಿಂಟ್ ತೆಗೆದಳು. ಆ ಕೆಲಸ ನೋಟರಿ ಹುಡುಕುವುದಕ್ಕಿಂತ ಸುಲಭ. ಊರಲ್ಲಿ ಅಫಿಡವಿಟ್ ಎಂದರೆ ನೋಟರಿ, ಸ್ಟಾಂಪು. ಇಲ್ಲಿ ಫೆಡರಲ್ ಕೋರ್ಟಿಗೆ ಅದು ಬೇಕಿಲ್ಲ. 'ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ, ಇದು ನಿಜ' ಎಂಬ ಸಾಲು ಬರೆದು ತಾರೀಖು ಹಾಕಿ ಸಹಿ ಮಾಡಿದರೆ ಸಾಕು. ಕಾಗದ ಹಾಕುವಾಗ ಸೋಷಿಯಲ್ ಸೆಕ್ಯೂರಿಟಿ ಮತ್ತು ಬ್ಯಾಂಕ್ ಖಾತೆ ನಂಬರಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮರೆಮಾಡಬೇಕು. ಮಕ್ಕಳ ಹೆಸರಿನ ಮೊದಲ ಅಕ್ಷರ ಮಾತ್ರ ಬರೆಯಬೇಕು. ಕೋರ್ಟಿನ ದಾಖಲೆ ಜಗತ್ತಿಗೇ ಕಾಣುತ್ತದೆ.

ಕಾಗದ ಬರೆಯಲು ಈಗ ಎಐ ಹಿಡಿಯುವವರು ಜಾಸ್ತಿ. ಭಾಷೆ ತಿದ್ದಲು ಹಿಡಿಯಿರಿ, ತಪ್ಪಿಲ್ಲ. ಆದರೆ ಅದು ಕೊಟ್ಟ ತೀರ್ಪುಗಳು ನಿಜವಾಗಿ ಇವೆಯೇ ಎಂದು ನೀವೇ ತೆರೆದು ಓದಿ. 2023ರಲ್ಲಿ ನ್ಯೂಯಾರ್ಕಿನ ಏವಿಯಾಂಕಾ ಕೇಸಿನಲ್ಲಿ, ಇಲ್ಲದ ತೀರ್ಪುಗಳನ್ನು ಎತ್ತಿ ಬರೆದ ಲಾಯರ್‌ಗಳಿಗೆ 5,000 ಡಾಲರ್ ದಂಡ ಬಿತ್ತು. ನಿಯಮ 11ರ ಪ್ರಕಾರ ಕಾಗದಕ್ಕೆ ಸಹಿ ಹಾಕಿದವರು, 'ನಾನು ತಕ್ಕಮಟ್ಟಿಗೆ ವಿಚಾರಿಸಿ ನೋಡಿದ್ದೇನೆ' ಎಂದು ಮಾತು ಕೊಟ್ಟಂತೆ. ಲಾಯರ್ ಇಲ್ಲದವರ ಸಹಿಗೂ ಅದೇ ತೂಕ.

ಮನೆ ಬದಲಾಯಿಸುವವರಿಗೆ ಒಂದು ಮಾತು. ವೀಸಾ, ಕೆಲಸ, ಬಾಡಿಗೆ ಅಂತ ನಮ್ಮವರು ಅಪಾರ್ಟ್‌ಮೆಂಟು ಬದಲಾಯಿಸುತ್ತಲೇ ಇರುತ್ತಾರೆ. ಕೋರ್ಟಿಗೆ ಹೊಸ ವಿಳಾಸ ಬರೆದು ಕೊಡಬೇಕು. ಉತ್ತರ ಕ್ಯಾಲಿಫೋರ್ನಿಯಾ ಜಿಲ್ಲೆಯ ಸ್ಥಳೀಯ ನಿಯಮದಲ್ಲಿ, ಕೋರ್ಟಿನ ಪತ್ರ ವಾಪಸ್ ಬಂದು 60 ದಿನದೊಳಗೆ ನೀವು ಹೊಸ ವಿಳಾಸ ತಿಳಿಸದಿದ್ದರೆ ಕೇಸನ್ನು ವಜಾ ಮಾಡಬಹುದು ಎಂದಿದೆ. ಸ್ಥಳೀಯ ನಿಯಮಗಳು ಜಿಲ್ಲೆಗೊಂದು ಥರ. ಇಲ್ಲಿ ಸಾಮಾನ್ಯವಾಗಿ ಎದುರು ಪಕ್ಷದ ಮೋಷನ್ನಿಗೆ, ಅಂದರೆ ಅವರು ಕೋರ್ಟಿಗೆ ಹಾಕಿದ ಅರ್ಜಿಗೆ, 14 ದಿನದೊಳಗೆ ಉತ್ತರ ಹಾಕಬೇಕು. ನಿಮ್ಮ ಜಿಲ್ಲೆಯದ್ದನ್ನು ನೀವೇ ನೋಡಬೇಕು.

ಎಲ್ಲರಿಗೂ ಒಂದೇ ನಿಯಮ, ಆದರೂ

ಎಲ್ಲರಿಗೂ ಒಂದೇ ನಿಯಮ ಇರಲಿ ಎಂಬುದನ್ನು ನಾನು ಒಪ್ಪುತ್ತೇನೆ. ಎದುರು ಪಕ್ಷದವರೂ ಮನುಷ್ಯರೇ. ಸಣ್ಣ ಅಂಗಡಿಯವರ ಮೇಲೆ ಯಾರೋ ಕೇಸು ಹಾಕಿ ವರ್ಷಗಟ್ಟಲೆ ಸುಮ್ನೆ ಕೂತರೆ ಅವರ ಗತಿ ಏನು? ದೊಡ್ಡಪ್ಪನ ಬೇಲಿ ಕೇಸು ಅಷ್ಟು ವರ್ಷ ಎಳೆದದ್ದಕ್ಕೆ ಗಡುವಿಗೆ ಬೆಲೆ ಇಲ್ಲದ್ದೂ ಒಂದು ಕಾರಣ. ಅವರು ಗೆದ್ದರೂ ಆ ತೋಟಕ್ಕೆ ಹೋಗುವ ಶಕ್ತಿ ಅವರಿಗೆ ಉಳಿದಿರಲಿಲ್ಲ. ಹಾಗಾಗಿ ಗಡುವು ಬೇಡ ಎಂದು ನಾನು ಹೇಳಲಾರೆ.

ಗಡುವು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೊದಲೇ ಹೇಳಿ ಎಂದು ಮಾತ್ರ ಕೇಳುತ್ತೇನೆ. ಸಮನ್ಸಿನ ಮೇಲೆ ಅದು ಇದೆ. 21 ದಿನದಲ್ಲಿ ಉತ್ತರ ಕೊಡದಿದ್ದರೆ ನಿಮ್ಮ ವಿರುದ್ಧ ತೀರ್ಪಾಗುತ್ತದೆ ಎಂದು ನೇರವಾಗಿ ಬರೆದಿರುತ್ತದೆ. ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯಲ್ಲಿ ಇನ್ನೂ ಒಳ್ಳೆಯ ನಿಯಮವಿದೆ. ಲಾಯರ್ ಇಲ್ಲದವರ ವಿರುದ್ಧ ಸಮ್ಮರಿ ಜಡ್ಜ್‌ಮೆಂಟ್ ಕೇಳುವಾಗ, ಅದರರ್ಥ ಏನು, ಸಾಕ್ಷ್ಯ ಲಗತ್ತಿಸದಿದ್ದರೆ ಏನಾಗುತ್ತದೆ ಎಂದು ಸರಳ ಮಾತಿನಲ್ಲಿ ವಿವರಿಸಿದ ನೋಟಿಸನ್ನು ಕಡ್ಡಾಯವಾಗಿ ಜೊತೆಗೆ ಕಳಿಸಬೇಕು. ನಿಯಮ ಒಂದಿಷ್ಟೂ ಸಡಿಲವಾಗಿಲ್ಲ. ಎದುರಿಗಿರುವವರಿಗೆ ತಿಳಿಯುತ್ತದೆ, ಅಷ್ಟೇ. ನಾವು ನೋಡಿದ ಆ ಫೈಲಿನ ಮನುಷ್ಯನಿಗೆ ಅಂಥ ಒಂದು ಹಾಳೆ ಅರ್ಥವಾಗುವ ಮಾತಿನಲ್ಲಿ ಸಿಕ್ಕಿದ್ದರೆ ಫೈಲು ಸರಿಯಾದ ದಿನ ಕೋರ್ಟಿನೊಳಗೆ ಇರುತ್ತಿತ್ತು ಎಂದೇ ನನ್ನ ನಂಬಿಕೆ.

ನಿಯಮ 36ರಲ್ಲಿ ಅಂಥ ಎಚ್ಚರಿಕೆ ಕಡ್ಡಾಯವಿಲ್ಲ. ಗೆಳತಿಯ ಕವರಿನಲ್ಲಿ ಪ್ರಶ್ನೆ ಇತ್ತು, ಪರಿಣಾಮ ಇರಲಿಲ್ಲ. '30 ದಿನದೊಳಗೆ ಲಿಖಿತ ಉತ್ತರ ಕೊಡದಿದ್ದರೆ ಇವನ್ನೆಲ್ಲ ನೀವು ಒಪ್ಪಿದಂತೆ' ಎಂಬ ಒಂದು ವಾಕ್ಯ ಮೊದಲ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಇದ್ದಿದ್ದರೆ ಅವಳು ಅದನ್ನು ಪೇಪರಿನ ಕೆಳಗೆ ತಳ್ಳುತ್ತಿರಲಿಲ್ಲ. ಆ ವಾಕ್ಯದಿಂದ ಕಂಪನಿಗೆ ಯಾವ ನಷ್ಟವೂ ಇರಲಿಲ್ಲ. ಫೆಡರಲ್ ಸಿವಿಲ್ ನಿಯಮಗಳನ್ನು ನೋಡಿಕೊಳ್ಳುವ ಸಲಹಾ ಸಮಿತಿ ವಾಷಿಂಗ್ಟನ್ನಿನಲ್ಲಿದೆ. ತಿದ್ದುಪಡಿ ಬೇಕೆಂದು ಸಾಮಾನ್ಯ ಜನರೂ ಅದಕ್ಕೆ ಬರೆಯಬಹುದು. ಗೆಳತಿಯ ಕೇಸು ಇನ್ನೂ ನಡೆಯುತ್ತಿದೆ. ಅವಳೂ ನಾನೂ ಸೇರಿ ಆ ಸಮಿತಿಗೆ ಪತ್ರ ಬರೆಯುತ್ತಿದ್ದೇವೆ. ಲಾಯರ್ ಇಲ್ಲದೆ ಇಲ್ಲಿ ಕೇಸು ನಡೆಸಿದ ಕನ್ನಡದವರು ಇನ್ನೂ ಇದ್ದರೆ, ನೀವೂ ನಿಮ್ಮ ಕಥೆ ಬರೆದು ಕಳಿಸಿ.